ಮಳೆಯಲ್ಲಿ ಓದಿದ ಪ್ರಕಟಣೆ

ಕಬಗಂಬೆ ಮೂರನೆಯ ಪ್ರಕಟಣೆಯನ್ನು ಓದಿದ್ದು ನಿಜ. ಅದು ಯಾರ ಕಿವಿಗೂ ಬೀಳಲಿಲ್ಲ ಎನ್ನುವುದೂ ಅಷ್ಟೇ ನಿಜ. ಆ ವಾರವೆಲ್ಲ ಅವನ ತಲೆಯೊಳಗೆ ಈ ಎರಡು ನಿಜಗಳು ಹಗ್ಗ ಜಗ್ಗಾಡುತ್ತಿದ್ದವು.

ಪ್ರಕಟಣೆ ಎಂದರೆ ಮದುವೆಯ ಪ್ರಕಟಣೆ. ಚರ್ಚಿನಲ್ಲಿ ಮದುವೆಯಾಗುವವರ ಹೆಸರನ್ನು ಮೂರು ಭಾನುವಾರ ಸಭೆಯ ಮುಂದೆ ಓದಬೇಕು. ಓದಿದ ಮೇಲೆ, ಇವರಿಬ್ಬರೂ ಕೂಡಬಾರದು ಎನ್ನುವುದಕ್ಕೆ ಯಾರಿಗಾದರೂ ಕಾರಣ ಗೊತ್ತಿದ್ದರೆ ಈಗಲೇ ಎದ್ದು ಹೇಳಲಿ ಎಂದು ಕೇಳಬೇಕು. ಹಿಂದಿನ ಎರಡು ಭಾನುವಾರ ಕಬಗಂಬೆ ಕೇಳಿದ್ದ. ಯಾರೂ ಎದ್ದಿರಲಿಲ್ಲ. ಮೂರನೆಯ ಭಾನುವಾರ ಮಳೆ ಬಂತು.

ಕಬಗಂಬೆ ಪಾದ್ರಿಯಲ್ಲ, ಕ್ಯಾಮಾರ ಚರ್ಚಿನ ವಾಚಕ. ಪಾದ್ರಿ ಮುಗಿಸಾ ಅವರಿಗೆ ಬೆಟ್ಟದ ಮೇಲೂ ಕೆಳಗೂ ಸೇರಿ ಹತ್ತಾರು ಚರ್ಚುಗಳು. ಮೋಟಾರ್ ಸೈಕಲ್ಲಿನಲ್ಲಿ ಸುತ್ತಿ ಸುತ್ತಿ ಕ್ಯಾಮಾರದ ಸರದಿ ಬರುವ ಹೊತ್ತಿಗೆ ಎರಡು ತಿಂಗಳಾಗುತ್ತಿತ್ತು. ನಡುವಿನ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುವುದು, ಬೋಧನೆ ಮಾಡುವುದು, ಸತ್ತವರನ್ನು ಮಣ್ಣು ಮಾಡುವುದು ಎಲ್ಲವೂ ಕಬಗಂಬೆಯದೇ. ರೊಟ್ಟಿ ದ್ರಾಕ್ಷಾರಸದ ಕರ್ತನ ಭೋಜನ ಕೊಡುವುದು ಮತ್ತು ಮದುವೆ ಮಾಡಿಸುವುದು ಮಾತ್ರ ಪಾದ್ರಿಯ ಕೆಲಸ. ವಾರದ ಉಳಿದ ದಿನ ಕಬಗಂಬೆ ತನ್ನ ತುಂಡು ಹೊಲದಲ್ಲಿ ಟೀ ಎಲೆ ಕಿತ್ತು, ರಸ್ತೆ ಬದಿಯಲ್ಲಿ ಎಲೆ ಒಯ್ಯುವ ಲಾರಿಗೆ ಕಾಯುತ್ತಿದ್ದ. ಕೀಳುವಾಗಲೂ ಎರಡೆಲೆ ಒಂದು ಮೊಗ್ಗಿಗೆ ಬದಲು ಮೂರೆಲೆ ಬಂದುಬಿಟ್ಟರೆ ನಿಂತು ಯೋಚಿಸುವ ಸ್ವಭಾವ ಅವನದು.

ಮದುವೆ ಫೆಬೆ ಕಬಾಹೆಂಡ ಮತ್ತು ಸ್ಟೆಫಾನೊ ರುಸೊಕೆಯದು. ಹುಡುಗ ಹುಡುಗಿಯರಲ್ಲ, ಮೊಮ್ಮಕ್ಕಳನ್ನು ಕಂಡವರು. ರುಸೊಕೆ ಅವಳ ತಂದೆಗೆ ಕನ್ಯಾಶುಲ್ಕವಾಗಿ ಹಸು ಒಪ್ಪಿಸಿ, ಹಿರಿಯರ ಮುಂದೆ ಕರೆತಂದು ಸಂಸಾರ ಹೂಡಿ ಮೂವತ್ತು ವರ್ಷದ ಹತ್ತಿರ ಬಂದಿತ್ತು. ಊರಿನ ಪಾಲಿಗೆ ಅವರು ಗಂಡ ಹೆಂಡತಿ. ಚರ್ಚಿನ ಪಾಲಿಗೆ ಮಾತ್ರ ಉಂಗುರದ ಮದುವೆ ಆಗಿರಲಿಲ್ಲ. ಅದಾಗದವರು ಕರ್ತನ ಭೋಜನಕ್ಕೆ ಏಳುವಂತಿರಲಿಲ್ಲ, ತಾಯಂದಿರ ಸಂಘಕ್ಕೆ ಸೇರುವಂತಿರಲಿಲ್ಲ. ಫೆಬೆ ಶನಿವಾರ ಚರ್ಚಿನ ನೆಲ ಒರೆಸುತ್ತಿದ್ದಳು, ಹೂ ಇಡುತ್ತಿದ್ದಳು, ಪಾದ್ರಿ ಬಂದ ದಿನ ಅವರಿಗೆ ಅಡುಗೆ ಮಾಡಿ ಬಡಿಸುತ್ತಿದ್ದಳು. ಭೋಜನದ ಹೊತ್ತಿನಲ್ಲಿ ಎಲ್ಲರೂ ಪೀಠದ ಕಟಕಟೆಯತ್ತ ಹೊರಟಾಗ ಮಾತ್ರ ಬೆಂಚಿನಲ್ಲೇ ಮೊಣಕಾಲು ಪಕ್ಕಕ್ಕೆ ಸರಿಸಿಕೊಂಡು ಬೇರೆಯವರಿಗೆ ದಾರಿ ಬಿಡುತ್ತಿದ್ದಳು.

ಉಂಗುರದ ಮಾತು ತೆಗೆದಾಗಲೆಲ್ಲ ರುಸೊಕೆಯ ಉತ್ತರ ಒಂದೇ. "ಆರು ಮಕ್ಳಾದ್ಮೇಲೆ ಇವಳನ್ನ ನಂಗೆ ಕೊಡೋರು ಯಾರು? ತಗೊಳ್ಳೋಕೆ ಇವಳೆಲ್ಲಿ ಬೇರೆ ಮನೇಲಿದಾಳೆ?"

ಹೋದ ವರ್ಷ ಅವನ ಅಕ್ಕ ತೀರಿಕೊಂಡಳು. ತಾಯಂದಿರ ಸಂಘದ ಹೆಂಗಸರು ಬಂದರು, ನೀರು ಹೊತ್ತರು, ದೊಡ್ಡ ಪಾತ್ರೆಗಳಲ್ಲಿ ಬಾಳೆಕಾಯಿ ಬೇಯಿಸಿದರು, ಅತ್ತರು. ಆದರೆ ಅಕ್ಕನೂ ಉಂಗುರವಿಲ್ಲದವಳು. ಹಾಗಾಗಿ ಸಂಘದ ಬಿಳಿ ಉಡುಪು ತೊಟ್ಟು ಗುಂಡಿಯ ಸುತ್ತ ಸಾಲಾಗಿ ನಿಂತು ಹಾಡಲಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ಸಂಜೆ ರುಸೊಕೆ ರಾಗಿ ಮುದ್ದೆ ಮುರಿಯುತ್ತ ಫೆಬೆಗೆ, "ಆ ನಿನ್ನ ಉಂಗುರದ್ದು ಏನ್ ಮಾಡಿಸ್ಬೇಕೋ ಮಾಡಿಸು" ಎಂದ. ಜೊತೆಗೆ ಒಂದು ಕರಾರು ಹಾಕಿದ: "ಒಂದ್ಸಲ ಬರ್ತೀನಿ. ಅದು ಸರಿ ಇಲ್ಲ, ಇದು ಸರಿ ಇಲ್ಲ, ಇನ್ನೊಂದಿನ ಬಾ ಅಂತ ವಾಪಸ್ ಕಳಿಸಿದ್ರೆ ಮತ್ತೆ ಆ ಬಾಗ್ಲು ತುಳಿಯೋಲ್ಲ."

ಕಬಗಂಬೆಗೆ ಈ ಕರಾರು ಗೊತ್ತಿತ್ತು. ಫೆಬೆಯೇ ಹೇಳಿದ್ದಳು. ಅವನ ಸಂಕಟವೆಲ್ಲ ಅಲ್ಲಿಂದಲೇ ಹುಟ್ಟಿದ್ದು.

ಮೂರನೆಯ ಪ್ರಕಟಣೆಯ ಭಾನುವಾರ ಚರ್ಚಿಗೆ ಅತಿಥಿಗಳು ಬಂದಿದ್ದರು. ಕ್ಯೆಂಜೋಜೊ ಕಡೆಯವರು, ಬೇರೊಂದು ಮನೆಯ ನಿಶ್ಚಿತಾರ್ಥಕ್ಕೆ ಬಂದವರು ಊರಿಗೆ ಮರಳುವ ಮುನ್ನ ಪ್ರಾರ್ಥನೆಗೆ ಸೇರಿದ್ದರು. ಅತಿಥಿ ಬಂದರೆ ಕ್ಯಾಮಾರದವರಿಗೆ ಹಬ್ಬ. ಒಬ್ಬೊಬ್ಬರನ್ನೂ ಎಬ್ಬಿಸಿ ನಿಲ್ಲಿಸುತ್ತಾರೆ. ಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ, ಕೊನೆಗೆ ಇಡೀ ಸಭೆ ಒಂದೇ ದನಿಯಲ್ಲಿ, "ಸಲಿಗೆ ಹೆಸರು?" ಎಂದು ಕೇಳುತ್ತದೆ. ತೋರೊ ಸೀಮೆಯಲ್ಲಿ ಪ್ರತಿಯೊಬ್ಬರಿಗೂ ಅಂಥ ಒಂದು ಹೆಸರಿರುತ್ತದೆ, ಅಕೀಕಿ, ಅಬ್ವೋಲಿ, ಅಮೋತಿ, ಹೀಗೆ. ಕಬಗಂಬೆಯದು ಅರಾಲಿ. ಅದನ್ನು ಹಿಡಿದು ಕರೆಯದಿದ್ದರೆ ಬರಮಾಡಿಕೊಂಡಂತೆಯೇ ಅಲ್ಲ. ಹೆಸರು ಹೇಳಿದ ಮೇಲೆ ಚಪ್ಪಾಳೆ, ಆಮೇಲೆ ಹಾಡು, ಆಮೇಲೆ ಬಾಳೆಪಟ್ಟೆಯಲ್ಲಿ ಕಟ್ಟಿದ ಮೊಟ್ಟೆ. ಅತಿಥಿಗಳೂ ಸುಮ್ಮನಿರಲಿಲ್ಲ, ಎದ್ದು ಅವರೂ ಒಂದು ಹಾಡು ಹಾಡಿದರು. ಹಾಡು ಮುಗಿಯುವುದಕ್ಕೂ ತಗಡಿನ ಚಾವಣಿಯ ಮೇಲೆ ಮಳೆ ಸುರಿಯುವುದಕ್ಕೂ ಸರಿಹೋಯಿತು.

ಮಳೆ ಬಂದರೆ ಆರಾಧನೆ ನಿಲ್ಲಿಸಿ ಕಾಯುವುದು ವಾಡಿಕೆ. ಕಬಗಂಬೆ ಸ್ವಲ್ಪ ಹೊತ್ತು ಕಾದ. ಮೋಡ ಬೆಟ್ಟಕ್ಕೆ ಅಂಟಿಕೊಂಡು ಕೂತಿತ್ತು. ಅತಿಥಿಗಳಿಗೆ ಬಸ್ಸಿನ ಚಿಂತೆ. ಹಿಂದಿನ ಬೆಂಚಿನಲ್ಲಿ, ಬಾಗಿಲ ಪಕ್ಕದಲ್ಲಿ, ರುಸೊಕೆ ಕೂತಿದ್ದ. ಮದುವೆಗೆ ಮುಂಚೆ ಒಂದು ಸಲ ನೋಡಿ ಬರೋಣ ಎಂದು ಅಂದೇ ಮೊದಲ ಬಾರಿಗೆ ಬಂದವನು. ಬಾಗಿಲ ಕಡೆ ನೋಡುತ್ತಿದ್ದ. ಎದ್ದು ಹೋಗಿಬಿಟ್ಟರೆ? ಮುಂದಿನ ಭಾನುವಾರವೇ ಪಾದ್ರಿ ಬರುವವರು. ಇವತ್ತು ಓದದಿದ್ದರೆ ಮೂರಾಗುವುದಿಲ್ಲ. ಕಬಗಂಬೆ ಎದ್ದು ನಿಂತು, ಗಂಟಲು ಹರಿಯುವಂತೆ ಓದಿದ. ತನ್ನ ದನಿ ತನಗೇ ಕೇಳಲಿಲ್ಲ. ಕಾರಣ ಗೊತ್ತಿದ್ದವರು ಹೇಳಲಿ ಎಂದ. ಹೇಳಿದರೆ ಕೇಳುವುದಾದರೂ ಹೇಗೆ? ಅವನ ಬಾಯಿ ಮುಚ್ಚಿದ್ದನ್ನು ಕಂಡು ಎಲ್ಲರೂ ಆಮೆನ್ ಎಂದರು, ಅದೂ ತುಟಿಯಾಡಿದ್ದರಿಂದ ಗೊತ್ತಾದದ್ದು.

ಅಂದು ಊಟಕ್ಕೆ ಕೂತಾಗ ಹೆಂಡತಿಯನ್ನು ಕೇಳಿದ. "ಅಮೋತಿ, ನಾನು ಪ್ರಕಟಣೆ ಓದಿದ್ದು ನಿಂಗೆ ಕೇಳಿಸ್ತಾ?"

"ನೀವು ಬಾಯಿ ಬಿಟ್ಟಿದ್ದು ಕಾಣಿಸ್ತು. ಆಕಳಿಸ್ತಿದೀರಿ ಅಂದ್ಕೊಂಡೆ."

"ತಮಾಷೆ ಬೇಡ."

"ಅರಾಲಿ, ದೇವರಿಗೆ ಕೇಳಿಸಿರುತ್ತಲ್ಲ, ಉಣ್ಣಿ."

"ಅದನ್ನ ಓದೋದು ದೇವರಿಗಲ್ಲ. ದೇವರಿಗೆ ಮೊದಲೇ ಗೊತ್ತಿರುತ್ತೆ. ಓದೋದು ಜನಕ್ಕೆ."

ಅವಳು ಅವನ ತಟ್ಟೆಗೆ ಇನ್ನಷ್ಟು ಹುರುಳಿಕಾಯಿ ಸಾರು ಹಾಕಿದಳು. ಇಂಥ ಹೊತ್ತಿನಲ್ಲಿ ಅವನ ಜೊತೆ ವಾದಕ್ಕಿಳಿದರೆ ಊಟ ಆರಿಹೋಗುತ್ತದೆ ಎಂದು ಅವಳಿಗೆ ತಿಳಿದಿತ್ತು.

ಬುಧವಾರ ಲೊಯಿಸಿಯ ಮನೆಗೆ ಹೋದ. ಲೊಯಿಸಿ ತಾಯಂದಿರ ಸಂಘದ ಮುಖ್ಯಸ್ಥೆ. ಅವಳ ಮಾತಿಗೆ ಸಭೆಯ ಹಿರಿಯರೂ ಬೆಂಚಿನಿಂದ ಏಳುತ್ತಿದ್ದರು. ಫೆಬೆಗೆಂದು ಹೊಲಿದ ಬಿಳಿ ಉಡುಪಿಗೆ ಅವಳು ಇಸ್ತ್ರಿ ಹಾಕುತ್ತಿದ್ದಳು. ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದ ಕೈ ನಿಲ್ಲಿಸದೆಯೇ ಅವನ ಮಾತು ಕೇಳಿದಳು.

"ಮುಗೀತಾ?"

"ಮುಗೀತು, ಅಕೀಕಿ."

"ನೀನು ಓದಿದೆಯೋ ಇಲ್ವೋ?"

"ಓದಿದೆ."

"ಪಾದ್ರಿಗಳು ಮೂರು ಸಲ ಓದಿದ್ಯಾ ಅಂತ ಕೇಳಿದ್ರೆ ಹೂಂ ಅನ್ನು. ಅದು ಸುಳ್ಳಾ?"

"ಸುಳ್ಳಲ್ಲ... ಆದ್ರೆ ಪೂರ್ತಿ ನಿಜಾನೂ ಅಲ್ಲ."

"ಅಯ್ಯೋ ಇವನ! ಪೂರ್ತಿ ನಿಜ ಕಟ್ಕೊಂಡು ಏನ್ ಮಾಡ್ತೀಯ, ಅದಕ್ಕೆ ಉಪ್ಪು ಹಾಕಿ ಬೇಯಿಸ್ತೀಯಾ? ನೀನು ಬಾಯಿ ಬಿಟ್ಟು, ಪಾದ್ರಿಗಳು ಮುಂದೂಡಿ, ಆ ಮುದುಕ ರೊಚ್ಚಿಗೆದ್ದು ಮನೆಗೆ ಹೋದ್ರೆ, ಈ ಉಡುಪು ನೀನೇ ಹಾಕ್ಕೊ. ನಿಂಗೆ ಚೆನ್ನಾಗೇ ಕಾಣುತ್ತೆ."

ಕಬಗಂಬೆ ಅಲ್ಲಿಂದ ಎದ್ದು ನೇರ ರುಸೊಕೆಯ ಮನೆಗೇ ಹೋದ. ಚರ್ಚಿನಿಂದ ಒಂದು ಬಾಳೆತೋಟ ದಾಟಿದರೆ ಸಿಗುವ ಮನೆ ಅದು. ಅವರಿಗೇ ಮೊದಲು ತಿಳಿಸಿಬಿಡುವುದು ನ್ಯಾಯ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಅಂಗಳದಲ್ಲಿ ರುಸೊಕೆ ಅಳಿಯನಿಂದ ತಂದ ಕೋಟು ತೊಟ್ಟು ನಿಂತಿದ್ದ. ತೋಳು ಬೆರಳಿನ ತುದಿಯವರೆಗೆ ಬರುತ್ತಿತ್ತು. ಮೊಮ್ಮಗಳೊಬ್ಬಳು ನೆಲದ ಮೇಲೆ ಬಿದ್ದು ಬಿದ್ದು ನಗುತ್ತಿದ್ದಳು.

"ನೋಡು ಅರಾಲಿ, ಉಂಗುರ ಹಾಕೋಕೆ ಬೆರಳೇ ಸಿಗೋಲ್ಲ ಇದ್ರಲ್ಲಿ" ಎಂದ ರುಸೊಕೆ.

ಫೆಬೆ ಹಿತ್ತಿಲಿಂದ ಬಂದಳು. ಅವನನ್ನು ಒಂದು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ, "ಅರಾಲಿ, ಒಂದು ಕೇಳ್ತೀನಿ, ನಗಬಾರದು. ರೊಟ್ಟಿ ತಗೊಳ್ಳೋವಾಗ ಯಾವ ಕೈ ಮೇಲಿರಬೇಕು? ಚಿಕ್ಕಂದಿನಲ್ಲಿ ಬಿಷಪ್ಪರ ಹತ್ರ ದೃಢೀಕರಣ ಆದಾಗ ಕಲ್ತಿದ್ದೆ. ಮರ್ತೋಗಿದೆ" ಎಂದಳು.

"ಬಲಗೈ ಮೇಲೆ" ಎಂದ ಕಬಗಂಬೆ.

ಅವಳು ಎಡಗೈ ಮೇಲೆ ಬಲಗೈ ಇಟ್ಟು ಹಿಡಿದು ತೋರಿಸಿದಳು. "ಹೀಗಾ?"

"ಹಾಗೇ."

ಜೋಡಿಸಿಕೊಂಡು ಬಂದಿದ್ದ ಮಾತನ್ನು ಎತ್ತದೆ, ಒಂದು ಲೋಟ ಹಾಲಿನ ಚಹಾ ಕುಡಿದು ಮನೆಗೆ ಬಂದ.

ಭಾನುವಾರ ಬೆಳಗ್ಗೆ ಡೋಲು ಬಡಿದು ಜನ ಸೇರುವ ಹೊತ್ತಿಗೆ ಮುಗಿಸಾ ಅವರ ಮೋಟಾರ್ ಸೈಕಲ್ಲು ಬಂತು. ಪ್ಯಾಂಟು ಮೊಣಕಾಲಿನವರೆಗೆ ಕೆಸರು. ಪೀಠದ ಪಕ್ಕದ ಕೋಣೆಯಲ್ಲಿ ಅವರು ಕಾಲು ತೊಳೆದು ನಿಲುವಂಗಿ ತೊಡುತ್ತಿದ್ದಾಗ ಕಬಗಂಬೆ ಬಾಗಿಲು ಹಾಕಿಕೊಂಡ. ಲೊಯಿಸಿಯ ಮಾತು ಕಿವಿಯಲ್ಲಿತ್ತು. ಪಾದ್ರಿ ಕೇಳಿದರೆ ಹೂಂ ಎಂದರಾಯಿತು. ಅವರು ಕೇಳಲೂ ಇಲ್ಲ. ನಿಲುವಂಗಿಯ ತೋಳು ಹುಡುಕುತ್ತ, "ಇವತ್ತು ಮಳೆ ಬರೋ ಹಾಗಿಲ್ಲ ಅಲ್ವಾ?" ಎಂದರು.

ಅಷ್ಟಕ್ಕೇ ಕಬಗಂಬೆಯ ಬಾಯಿಂದ ಎಲ್ಲವೂ ಹೊರಬಿತ್ತು. ಅತಿಥಿಗಳು, ಹಾಡು, ತಗಡು, ತನ್ನ ಗಂಟಲು, ಆಮೆನ್. ರುಸೊಕೆಯ ಕರಾರನ್ನೂ ಹೇಳಿದ.

ಮುಗಿಸಾ ಅವನನ್ನು ನೋಡಿದರು. "ನೀವು ಇದನ್ನ ನಂಗೆ ಹೇಳ್ದೇ ಇದ್ದಿದ್ರೆ?"

"ನಿಮಗೆ ಗೊತ್ತಾಗ್ತಿರಲಿಲ್ಲ, ಅಯ್ಯನವರೇ."

"ಈಗ ಗೊತ್ತಾಯ್ತಲ್ಲ. ಈಗ ನಾನೇನ್ ಮಾಡ್ಲಿ?"

ತಪ್ಪು ಕಂಡುಹಿಡಿಯುವವರೆಗೆ ಮಾತ್ರ ಕಬಗಂಬೆಯ ತಲೆ ಓಡುತ್ತಿತ್ತು, ಅಲ್ಲಿಂದ ಮುಂದಕ್ಕೆ ಓಡುತ್ತಿರಲಿಲ್ಲ. ಮುಗಿಸಾ ಕುತ್ತಿಗೆಯ ಪಟ್ಟಿ ಸರಿಮಾಡಿಕೊಂಡು, "ಬನ್ನಿ, ಕೇಳಿಸ್ಕೊಳ್ಬೇಕಾದೋರು ಅಲ್ಲಿದಾರೆ. ಅವರನ್ನೇ ಕೇಳೋಣ" ಎಂದರು.

ಮೊದಲ ಹಾಡು ಮುಗಿದ ಮೇಲೆ ಮುಗಿಸಾ ಸಭೆಯ ಮುಂದೆ ಬಂದು ನಿಂತರು. ಮುಂದಿನ ಬೆಂಚಿನಲ್ಲಿ ಫೆಬೆ ಬಿಳಿ ಉಡುಪಿನಲ್ಲಿ ಕೂತಿದ್ದಳು. ರುಸೊಕೆ ಪಕ್ಕದಲ್ಲಿ, ಕೋಟಿನೊಳಗೆ.

"ಹೋದ ಭಾನುವಾರ ಇವರ ಹೆಸರು ಮೂರನೇ ಸಲ ಓದಿದ್ರು. ಮಳೆ ಬರ್ತಿತ್ತಂತೆ. ಯಾರ್ಯಾರಿಗೆ ಕೇಳಿಸ್ತು, ಕೈ ಎತ್ತಿ."

ಇಡೀ ಚರ್ಚು ಕೈ ಎತ್ತಿತು. ಲೊಯಿಸಿಯ ಕೈ ಎಲ್ಲಕ್ಕಿಂತ ಮೊದಲು. ಕಬಗಂಬೆಯ ಹೆಂಡತಿ ಕೈ ಎತ್ತಿ ಗಂಡನ ಕಡೆ ನೋಡದೆ ಚಾವಣಿ ನೋಡಿದಳು. ಹೋದ ಭಾನುವಾರ ಜ್ವರದಿಂದ ಚರ್ಚಿಗೇ ಬಾರದಿದ್ದ ಖಜಾಂಚಿ ಕೈ ಎತ್ತಿದ. ಡೋಲು ಬಡಿಯುವ ಮುದುಕನಿಗೆ ಎರಡು ಕಿವಿಯೂ ಕೇಳುವುದಿಲ್ಲ. ಪಕ್ಕದವನು ತಿವಿದದ್ದಕ್ಕೆ ಅವನು ಎರಡೂ ಕೈ ಎತ್ತಿದ. ತನ್ನ ಜನ ಇಷ್ಟು ಒಗ್ಗಟ್ಟಾಗಿ ಸುಳ್ಳು ಹೇಳಿದ್ದನ್ನು ಕಬಗಂಬೆ ಎಂದೂ ಕಂಡಿರಲಿಲ್ಲ. ನಾಚಿಕೆಯಾಯಿತು. ಕಣ್ಣಲ್ಲಿ ನೀರೂ ಬಂತು.

ಮುಗಿಸಾ ಆ ಕೈಗಳನ್ನು ನೋಡಿದರು. "ಇಷ್ಟು ಒಳ್ಳೇ ಕಿವಿ ಇರೋ ಸಭೆ ನಮ್ಮ ಜಿಲ್ಲೇಲಿ ಇನ್ನೊಂದಿಲ್ಲ. ಒಳ್ಳೇದು. ಇವತ್ತೂ ಭಾನುವಾರಾನೇ. ಇನ್ನೊಂದ್ಸಲ ಕೇಳೋಕೆ ಯಾರಿಗೂ ಬೇಜಾರಿಲ್ಲ ತಾನೇ? ಓದಿ, ಅರಾಲಿ."

ಕಬಗಂಬೆ ಓದಿದ. ಈ ಸಲ ಅವನ ದನಿ ಗೋಡೆಗೆ ತಾಗಿ ಹಿಂದೆ ಬಂತು. ಕೊನೆಯಲ್ಲಿ, ಕಾರಣ ಗೊತ್ತಿದ್ದವರು ಎದ್ದು ಹೇಳಲಿ ಎಂದ. ಎಲ್ಲೋ ಒಂದು ಮಗು ಕೆಮ್ಮಿತು. ಆಮೇಲೆ ಮುಂದಿನ ಬೆಂಚು ಕಿರ್ ಎಂದಿತು.

ರುಸೊಕೆ ಎದ್ದು ನಿಂತಿದ್ದ.

ಫೆಬೆ ಅವನ ಕೋಟಿನ ಅಂಚು ಹಿಡಿದಳು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟು ಹೊತ್ತಿಗೆ ಉಂಗುರ ತೊಡಿಸಿ ಆಗಿರುತ್ತಿತ್ತು ಎಂದುಕೊಂಡ ಕಬಗಂಬೆ.

"ಮದುವೆಗೆ ಅಡ್ಡಿ ಏನಿಲ್ಲ" ಎಂದ ರುಸೊಕೆ. "ಬೇರೆ ಒಂದು ಇದೆ. ಎದ್ದು ಹೇಳಿ ಅಂದ್ರಲ್ಲ, ಅದಕ್ಕೆ ಎದ್ದೆ."

"ಹೇಳಿ" ಎಂದರು ಮುಗಿಸಾ.

"ಹೋದ ವಾರ ಬಂದು ಆ ಹಿಂದಿನ ಬೆಂಚಲ್ಲಿ ಕೂತಿದ್ದೆ. ಕ್ಯೆಂಜೋಜೊದೋರು ಬಂದಿದ್ರು. ಅವರನ್ನ ಎಬ್ಬಿಸಿದ್ರಿ, ಹೆಸರು ಕೇಳಿದ್ರಿ, ಸಲಿಗೆ ಹೆಸರು ಕೇಳಿದ್ರಿ, ಹಾಡಿದ್ರಿ, ಮೊಟ್ಟೆ ಕೊಟ್ರಿ. ನಾನೂ ಮೊದಲ್ನೇ ಸಲ ಬಂದಿದ್ದು. ನನ್ನ ಯಾರೂ ಕೇಳಲಿಲ್ಲ."

ಯಾರೋ ಹೆಂಗಸು ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡಳು. ಲೊಯಿಸಿ ಬೆಂಚಿನಿಂದಲೇ, "ಅಪೂಲಿ, ನಿನ್ನ ಏನ್ ಕೇಳೋದಪ್ಪ? ನೀನು ಯಾರು ಅಂತ ಹುಟ್ಟಿದ ಮಗೂಗೂ ಗೊತ್ತು" ಎಂದಳು.

"ಗೊತ್ತು" ಎಂದ ರುಸೊಕೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ನನ್ನ ಮನೇಲಿ ಎಷ್ಟು ಸಲ ಉಂಡಿದೀಯ ಅಂತ ನಂಗೂ ಗೊತ್ತು. ವರ್ಷಗಟ್ಟಲೆ ಒಬ್ಬೊಬ್ರೇ ಬರ್ತಿದ್ರಿ. ಫೆಬೆಗೆ ಉಂಗುರ ಹಾಕು, ಫೆಬೆಗೆ ಉಂಗುರ ಹಾಕು. ನೀನೂ ಬಾ, ನಮ್ಮ ಜೊತೆ ಕೂತ್ಕೊ ಅಂತ ಒಬ್ರಾದ್ರೂ ಅಂದ್ರಾ? ನೆನಪು ಮಾಡ್ಕೊಳ್ಳಿ."

ಎಲ್ಲರೂ ನೆನಪು ಮಾಡಿಕೊಂಡರು. ಕಬಗಂಬೆಯೂ ಮಾಡಿಕೊಂಡ. ಆ ಮನೆಯ ಅಂಗಳದಲ್ಲಿ ತಾನು ಕುಡಿದ ಚಹಾ, ತಿಂದ ಕಡಲೆಕಾಯಿ, ಉಂಗುರದ ಬಗ್ಗೆ ಮಾಡಿದ ಉಪದೇಶ, ಒಂದೊಂದೂ ನೆನಪಾಯಿತು. ರುಸೊಕೆ ಹೇಳಿದ ಆ ಒಂದು ಮಾತು ಮಾತ್ರ ಅದರಲ್ಲೆಲ್ಲೂ ಸಿಗಲಿಲ್ಲ. ಒಂದು ವಾರ ಪ್ರಕಟಣೆಯನ್ನು ಹಿಡಿದು ನಿದ್ದೆಗೆಟ್ಟಿದ್ದ. ಬಾಗಿಲ ಪಕ್ಕ ಕೂತಿದ್ದ ಮನುಷ್ಯ ಎದ್ದು ಹೋಗಿಬಿಡುತ್ತಾನೆಂದು ಹೆದರಿದ್ದ. ಅವನ ಹೆಸರು ಕೇಳಬೇಕೆಂದು ಮಾತ್ರ ತೋಚಿರಲಿಲ್ಲ.

ಮುಗಿಸಾ ಕಬಗಂಬೆಯ ಕಡೆ ತಿರುಗಿದರು. ಅತಿಥಿಗಳನ್ನು ಬರಮಾಡಿಕೊಳ್ಳುವುದು ವಾಚಕನ ಕೆಲಸ.

ಕಬಗಂಬೆ ಒಂದು ಹೆಜ್ಜೆ ಮುಂದೆ ಬಂದ. "ಇವತ್ತು ನಮ್ಮ ಮಧ್ಯೆ ಒಬ್ಬರು ಹೊಸಬರಿದಾರೆ. ಅವರು ನಿಂತೇ ಇದಾರೆ. ತಮ್ಮ ಹೆಸರು?"

"ಸ್ಟೆಫಾನೊ ರುಸೊಕೆ."

"ಎಲ್ಲಿಂದ ಬಂದ್ರಿ?"

"ಅಗೋ, ಆ ಬಾಳೆತೋಟದ ಆಚೆಯಿಂದ. ದಾರಿ ಭಾರಿ ದೂರ. ಬರೋಕೆ ಮೂವತ್ತು ವರ್ಷ ಹಿಡೀತು."

ಚರ್ಚು ನಗೆಯಲ್ಲಿ ಅಲ್ಲಾಡಿತು. ನಗೆ ಇಳಿಯುವುದಕ್ಕೆ ಮೊದಲೇ ಇಡೀ ಸಭೆ ಒಂದೇ ದನಿಯಲ್ಲಿ ಕೇಳಿತು, "ಸಲಿಗೆ ಹೆಸರು?"

"ಅಪೂಲಿ" ಎಂದ ರುಸೊಕೆ. ಅದನ್ನು ಅವನು ಸ್ವಲ್ಪ ಮೆಲ್ಲಗೆ ಹೇಳಿದ.

"ಅಪೂಲಿ! ನೀವು ಬಂದಿದ್ದು ಒಳ್ಳೇದಾಯ್ತು, ಅಪೂಲಿ!"

ಚಪ್ಪಾಳೆಯಾಯಿತು, ಹಾಡಾಯಿತು. ಲೊಯಿಸಿ ಎದ್ದು, ಯಾರೋ ಕಾಣಿಕೆಗೆಂದು ತಂದು ಪೀಠದ ಬುಡದಲ್ಲಿಟ್ಟಿದ್ದ ಮೊಟ್ಟೆಯ ಕಟ್ಟನ್ನು ತಂದು ಅವನ ಕೈಯಲ್ಲಿಟ್ಟಳು. "ತಗೊ. ಬೇಯಿಸಿದ್ದಲ್ಲ. ಅದರ ಮೇಲೆ ಕೂತು ನನ್ನ ಮರ್ಯಾದೆ ತೆಗೀಬೇಡ." ಹೇಳುವಾಗ ಅವಳ ಮುಖ ಬೇರೆ ಕಡೆ ತಿರುಗಿತ್ತು.

ಮದುವೆ ಬೇಗ ಮುಗಿಯಿತು. ಕೋಟಿನ ತೋಳನ್ನು ಮುಗಿಸಾ ಅವರೇ ಎರಡು ಮಡಿಕೆ ಮಡಿಸಿ ಬೆರಳು ಹುಡುಕಿಕೊಟ್ಟರು. ಆಮೇಲೆ ಕರ್ತನ ಭೋಜನ. ಕಬಗಂಬೆ ದ್ರಾಕ್ಷಾರಸದ ಬಟ್ಟಲು ಹಿಡಿದು ಕಟಕಟೆಯ ಒಳಗೆ ಸಾಲಿನುದ್ದಕ್ಕೂ ಸರಿಯುತ್ತ ಬಂದ. ಫೆಬೆ ಮೊಣಕಾಲೂರಿದ್ದಳು. ಬಟ್ಟಲು ತುಟಿಗೆ ತಾಗಿಸಿದಾಗ ಒಂದು ಗುಟುಕು ಜಾಸ್ತಿಯೇ ಕುಡಿದಳು. ಕೆಮ್ಮು ಬಂತು, ತಡೆದುಕೊಂಡಳು. ತಪ್ಪಾಯಿತೇ ಎನ್ನುವಂತೆ ಕಣ್ಣೆತ್ತಿ ನೋಡಿದಳು. ಕಬಗಂಬೆ ಇಲ್ಲವೆಂದು ತಲೆಯಾಡಿಸಿ ಮುಂದಕ್ಕೆ ಸರಿದ.

ರುಸೊಕೆ ಬೆಂಚಿನಲ್ಲೇ ಇದ್ದ. ಬಾಲ್ಯದಲ್ಲಿ ಬೇರೆಲ್ಲೋ ದೀಕ್ಷಾಸ್ನಾನವಾಗಿತ್ತೇ ಹೊರತು, ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ಮಾಡುವ ದೃಢೀಕರಣ ಆಗಿರಲಿಲ್ಲ. ಹಾಗಾಗಿ ಅವನು ಭೋಜನಕ್ಕೆ ಏಳುವಂತಿರಲಿಲ್ಲ. ತೊಡೆಯ ಮೇಲೆ ಹೆಂಡತಿಯ ಕೈಚೀಲ, ಅದರ ಮೇಲೆ ಮೊಟ್ಟೆಯ ಕಟ್ಟು. ಕಟಕಟೆಯಿಂದ ಮರಳುವವರು ಹಾದುಹೋಗುವಾಗ ಮೊಟ್ಟೆಗೆ ತಾಗದಂತೆ ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿಯುತ್ತಿದ್ದ.

ಆರಾಧನೆ ಮುಗಿದ ಮೇಲೆ, ಹೊರಗೆ ಹೆಂಗಸರು ಬಾಳೆಲೆ ಹಾಸಿ ಊಟಕ್ಕೆ ಅಣಿಮಾಡುತ್ತಿದ್ದಾಗ ಅವನು ಕಬಗಂಬೆಯನ್ನು ಹುಡುಕಿಕೊಂಡು ಬಂದ.

"ಬಿಷಪ್ಪು ಯಾವಾಗ ಬರೋದು?"

"ಮುಂದಿನ ವರ್ಷ ಇರಬಹುದು. ಅಷ್ಟರಲ್ಲಿ ನೀವು ಪಾಠ ಕಲೀಬೇಕು, ಅಪೂಲಿ. ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ಎಲ್ಲ ಬಾಯಿಗೆ ಬರಬೇಕು."

"ಯಾರು ಕಲ್ಸೋದು?"

"ನಾನೇ."

"ನೀನಾ?" ರುಸೊಕೆ ಅವನನ್ನು ಮೇಲಿಂದ ಕೆಳಗೆ ನೋಡಿದ. "ಹಾಗಾದ್ರೆ ಬಿಷಪ್ಪು ಎರಡು ಸಲ ಬಂದು ಹೋಗಿರ್ತಾರೆ, ನಾವಿನ್ನೂ ಮೊದಲ್ನೇ ಆಜ್ಞೇಲಿ ಇರ್ತೀವಿ."

ಇಲ್ಲ ಎಂದು ಖಚಿತವಾಗಿ ಹೇಳಲು ಕಬಗಂಬೆಗೆ ಧೈರ್ಯ ಬರಲಿಲ್ಲ. ಮಂಗಳವಾರ ಸಂಜೆ, ಎಲೆ ಲಾರಿ ಹೋದ ಮೇಲೆ ಬನ್ನಿ ಎಂದ. ಎರಡು ಹೆಜ್ಜೆ ಹೋದವನು ನಿಂತ. ತಾನು ಹೇಳಿದ್ದು ಸರಿಯಾಗಲಿಲ್ಲ ಅನ್ನಿಸಿತು. ಹಿಂದೆ ತಿರುಗಿ, "ಬೇಡ, ನೀವು ಬರೋದು ಬೇಡ. ನಾನೇ ಬಂದು ಕರ್ಕೊಂಡು ಹೋಗ್ತೀನಿ" ಎಂದ.